ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಶುರುವಾದ ಮೇಲೆ ಅಮ್ಮನಿಗೆ ಭೇದಿ, ಜ್ವರವೂ ಬಿಟ್ಟಿಲ್ಲ. ನಿಲ್ಲಿಸಬೇಕಾ?

ನೀವಾಗಿ ನಿಲ್ಲಿಸಬೇಡಿ. ಟೈಫಾಯ್ಡ್‌ಗೆ ದಿನಕ್ಕೆ ಎರಡು ಸಲ 1 ಗ್ರಾಂ ಕೊಡುತ್ತಿದ್ದಾರೆ, ಇವತ್ತಿಗೆ ನಾಲ್ಕನೇ ದಿನ ಎಂದು ಬರೆದಿದ್ದೀರಿ. ಔಷಧಿ ಸರಿಯಾಗಿ ಕೆಲಸ ಮಾಡುತ್ತಿದ್ದರೂ ಟೈಫಾಯ್ಡ್ ಜ್ವರ ಇಳಿಯಲು ನಾಲ್ಕರಿಂದ ಆರು ದಿನ ಹಿಡಿಯುತ್ತದೆ. ಸಾಮಾನ್ಯವಾಗಿ 10ರಿಂದ 14 ದಿನ ಕೊಡುವ ಆಂಟಿಬಯೋಟಿಕ್, ಅಂದರೆ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಇದು. ಅರ್ಧಕ್ಕೆ ಬಿಟ್ಟರೆ ಜ್ವರ ಮರುಕಳಿಸುವ ಸಾಧ್ಯತೆ ಹೆಚ್ಚು.

ಇನ್ನು ಭೇದಿ. ಈ ಔಷಧಿಯ ಒಂದು ಭಾಗ ಮೂತ್ರದಲ್ಲಿ ಹೋದರೆ ಉಳಿದದ್ದು ಪಿತ್ತರಸದ ಜೊತೆ ಕರುಳಿಗೆ ಇಳಿದು ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ದಿನಕ್ಕೆ ಎರಡು ಮೂರು ಸಲ ಸಡಿಲವಾಗಿ ಹೋದರೆ ಓಆರ್‌ಎಸ್, ಗಂಜಿ, ಮಜ್ಜಿಗೆ ಸಾಕು. ನೀರಿನಂತೆ ಮೇಲಿಂದ ಮೇಲೆ ಹೋಗುತ್ತಿದ್ದರೆ, ರಕ್ತ ಕಂಡರೆ, ಹೊಟ್ಟೆ ಉಬ್ಬಿ ಬಿಗಿದುಕೊಂಡರೆ ಅದೇ ದಿನ ವೈದ್ಯರಿಗೆ ಹೇಳಿ. ಟೈಫಾಯ್ಡ್‌ನಲ್ಲಿ ಕರುಳು ತೂತಾಗುವ ಅಪಾಯವೂ ಇರುವುದರಿಂದ ಹೊಟ್ಟೆನೋವನ್ನು ಇಂಜೆಕ್ಷನ್ ತಲೆಗೆ ಕಟ್ಟಿ ಕೂರಬಾರದು. ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತಂದು ಕೊಡಲೇಬೇಡಿ.

ನನ್ನ ಪ್ರಕಾರ ಈ ಇಂಜೆಕ್ಷನ್ ವಿಷಯದಲ್ಲಿ ಮನೆಯವರು ಗಮನಿಸಬೇಕಾದದ್ದು ಅದನ್ನು ಹೇಗೆ ಕೊಡುತ್ತಾರೆ ಎಂಬುದನ್ನು. 1 ಗ್ರಾಂ ಪುಡಿಯನ್ನು 10 ಮಿ.ಲೀ. ನೀರಿನಲ್ಲಿ ಕರಗಿಸಿ ನರಕ್ಕೆ (ರಕ್ತನಾಳಕ್ಕೆ) ಕೊಡುವುದಾದರೆ ಎರಡರಿಂದ ನಾಲ್ಕು ನಿಮಿಷ ಬೇಕು, 100 ಮಿ.ಲೀ. ಸಲೈನ್‌ನಲ್ಲಿ ಹಾಕಿ ಅರ್ಧ ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು. ಒಂದೇ ಉಸಿರಿಗೆ ಒತ್ತಿದರೆ ನರ ಉರಿದು ಊದಿಕೊಳ್ಳುತ್ತದೆ. ಕ್ಯಾನುಲಾ (ನರದಲ್ಲಿ ಕೂರಿಸಿಟ್ಟ ಸಣ್ಣ ಕೊಳವೆ) ಇರುವ ಕಡೆ ಕೆಂಪಾಗಿ, ನರ ಹಗ್ಗದಂತೆ ಗಟ್ಟಿಯಾದರೆ ಕ್ಯಾನುಲಾ ಬದಲಿಸಲು ಕೇಳಿ. ಸ್ನಾಯುವಿಗೆ ಕೊಡುವಾಗ ನೋವು ಜಾಸ್ತಿ, ಅದಕ್ಕೇ ಮರಗಟ್ಟಿಸುವ ಔಷಧಿಯಾದ ಶೇ. 1ರ ಲಿಗ್ನೋಕೇನ್‌ನಲ್ಲಿ ಕಲಸುತ್ತಾರೆ. ಹಾಗೆ ಕಲಸಿದ್ದನ್ನು ನರಕ್ಕೆ ಕೊಡುವಂತೆಯೇ ಇಲ್ಲ, ಹೃದಯದ ಬಡಿತ ಏರುಪೇರಾಗುತ್ತದೆ.

ಸುಸ್ತಿಗೆಂದು ಹಾಕುವ ಡ್ರಿಪ್ ಯಾವುದು ಎಂದೂ ನೋಡಿ. ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್) ಬಾಟಲಿಯಲ್ಲಿ ಕ್ಯಾಲ್ಸಿಯಂ ಇರುತ್ತದೆ. ಅದು ಸೆಫ್ಟ್ರಿಯಾಕ್ಸೋನ್ ಜೊತೆ ಸೇರಿದರೆ ಕರಗದ ಕಣಗಳಾಗುತ್ತವೆ. ನವಜಾತ ಶಿಶುಗಳಲ್ಲಿ ಇಂಥ ಕಣಗಳು ಶ್ವಾಸಕೋಶ, ಮೂತ್ರಪಿಂಡಗಳಲ್ಲಿ ಕೂತು ಸಾವುಗಳಾಗಿವೆ. ಹಾಗಾಗಿ 28 ದಿನದೊಳಗಿನ ಮಗುವಿಗೆ ನರದ ಮೂಲಕ ಕ್ಯಾಲ್ಸಿಯಂ ಕೊಡುತ್ತಿದ್ದರೆ, ಕೊಡಬೇಕಾಗಿದ್ದರೂ ಸಹ, ಈ ಔಷಧಿ ನಿಷಿದ್ಧ. ದೊಡ್ಡವರಿಗೆ ಒಂದಾದ ಮೇಲೆ ಒಂದು ಕೊಡಬಹುದು, ಆದರೆ ನಡುವೆ ಸಲೈನ್‌ನಿಂದ ಲೈನ್ ತೊಳೆಯಬೇಕು. ಅಮ್ಮ ನುಂಗುವ ಕ್ಯಾಲ್ಸಿಯಂ ಮಾತ್ರೆಗೆ ಈ ಭಯ ಇಲ್ಲ.

ಅಲರ್ಜಿ ಯಾರಿಗೆ ಯಾವಾಗ ಎಂದು ಹೇಳಲಾಗದು. ಚರ್ಮದಡಿ ಮಾಡುವ ಟೆಸ್ಟ್ ಡೋಸ್‌ನಲ್ಲಿ ಏನೂ ಆಗಲಿಲ್ಲ ಎಂದರೆ ಖಾತ್ರಿ ಸಿಕ್ಕಿತು ಎಂದಲ್ಲ. ಮೈಮೇಲೆ ಬರೀ ದದ್ದು ಎದ್ದರೆ ಮುಂದಿನ ಡೋಸ್‌ಗೆ ಮೊದಲು ವೈದ್ಯರಿಗೆ ತೋರಿಸಿ. ತುಟಿ ಊದುವುದು, ಉಸಿರು ಕಟ್ಟುವುದು, ಕಣ್ಣು ಕತ್ತಲಿಡುವುದು ಶುರುವಾದರೆ ತಕ್ಷಣ ಇಂಜೆಕ್ಷನ್ ನಿಲ್ಲಿಸಿ ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಕೊಡಬೇಕು, ದೊಡ್ಡವರಿಗೆ 0.5 ಮಿ.ಗ್ರಾಂ. ಅಲರ್ಜಿಗೆ ಕೊಡುವ ಎವಿಲ್ ಕೊಟ್ಟು ನೋಡೋಣ ಎಂದು ಕಾಯುವ ರೂಢಿ ಕೆಲವೆಡೆ ಇದೆ, ಅದು ಜೀವಕ್ಕೇ ಕುತ್ತು. ಉಳಿದ ಡೋಸ್‌ಗಳನ್ನು ಮನೆಗೆ ಯಾರನ್ನೋ ಕರೆಸಿ ಹಾಕಿಸುವುದು ಬೇಡ ಎನ್ನುವುದು ಇದಕ್ಕೇ. ಪೆನಿಸಿಲಿನ್ ಅಲರ್ಜಿ ಇದ್ದವರಲ್ಲಿ ಶೇ. 10 ಮಂದಿಗೆ ಇದೂ ಆಗದು ಎಂಬ ಹಳೆಯ ಲೆಕ್ಕ ಉತ್ಪ್ರೇಕ್ಷೆ. ಆದರೂ ಹಿಂದೆ ಉಸಿರು ಕಟ್ಟಿದ್ದರೆ ಅಥವಾ ಚರ್ಮ ಸುಲಿದಿದ್ದರೆ ಮುಚ್ಚಿಡದೆ ಹೇಳಿ.

ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದಲ್ಲಿ ಕಲ್ಲು ಅಥವಾ ಕೆಸರಿನಂಥದ್ದು ಕಂಡರೆ ಆಪರೇಷನ್ ಎಂದು ಗಾಬರಿಯಾಗಬೇಡಿ. ಇದೇ ಔಷಧಿ ಕ್ಯಾಲ್ಸಿಯಂ ಜೊತೆ ಸೇರಿ ಅಲ್ಲಿ ಕೂತಿರಬಹುದು, ನಿಲ್ಲಿಸಿದ ಮೇಲೆ ತಾನಾಗಿ ಕರಗುತ್ತದೆ. ಬಲಪಕ್ಕೆಯಡಿ ನೋವು, ವಾಂತಿ ಇದ್ದರೆ ಮಾತ್ರ ಔಷಧಿ ಬದಲಿಸುತ್ತಾರೆ. ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಸ್ಥಿತಿ ತೋರಿಸುವ ಎಸ್‌ಜಿಪಿಟಿ ಸ್ವಲ್ಪ ಏರುವುದೂ ಉಂಟು, ಆದರೆ ಟೈಫಾಯ್ಡ್ ಕೂಡ ಅದನ್ನು ಏರಿಸುತ್ತದೆ.

ವಿರಳವಾದರೂ ಭೀಕರವಾದದ್ದು ಕೆಂಪು ರಕ್ತಕಣಗಳು ಒಡೆಯುವುದು. ಹಿಂದೆ ಇದೇ ಔಷಧಿ ತಗೊಂಡವರಲ್ಲಿ, ಅದರಲ್ಲೂ ಮಕ್ಕಳಲ್ಲಿ, ಹೆಚ್ಚು. ಇದ್ದಕ್ಕಿದ್ದಂತೆ ಮುಖ ಬಿಳಿಚಿ, ಮೂತ್ರ ಕಡು ಕಂದಾಗಿ, ಸೊಂಟ ನೋಯತೊಡಗಿದರೆ ಮುಂದಿನ ಡೋಸ್ ಹಾಕಿಸದೆ ಎಮರ್ಜೆನ್ಸಿಗೆ ಹೋಗಿ. ಕಿಡ್ನಿ ತೊಂದರೆ ಇರುವ ವಯಸ್ಸಾದವರು ಗೊಂದಲದಿಂದ ಮಾತಾಡತೊಡಗಿದರೆ ಅದನ್ನೂ ತಿಳಿಸಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಗೊಳ್ಳುವವರಿಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಏರಬಹುದು, ಎಂದಿಗಿಂತ ಬೇಗ ಪರೀಕ್ಷೆ ಮಾಡಿಸಿ.

ಕೋರ್ಸ್ ಮುಗಿದು ಎರಡು ತಿಂಗಳಾದ ಮೇಲೂ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದಿಂದ ಭೇದಿ ಬರಬಹುದು. ಆಗ ಬೇರೆ ವೈದ್ಯರ ಹತ್ತಿರ ಹೋದರೂ ಈ ಇಂಜೆಕ್ಷನ್ ಹೆಸರು, ಹಾಕಿಸಿದ ತಾರೀಕು ಹೇಳಿ.