ಸಿಕ್ಕಿದ ಹಡಗನ್ನು ಮತ್ತೆ ಮುಚ್ಚುವುದೇ?

ಸೋಮವಾರಪೇಟೆಯ ಓದುಗರೊಬ್ಬರು ಕೇಳಿದ್ದಾರೆ: "ಸ್ಯಾನ್ ಫ್ರಾನ್ಸಿಸ್ಕೊ ನಗರದ ರಸ್ತೆಗಳ ಅಡಿಯಲ್ಲಿ ಹಳೇ ಹಡಗುಗಳಿವೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದಿರಿ. ಹಡಗು ಊರಿನ ಕೆಳಗೆ ಹೋಗಿದ್ದು ಹೇಗೆ? ಸಿಕ್ಕಿದ್ದನ್ನು ಮತ್ತೆ ಮುಚ್ಚಿದ್ದು ತಪ್ಪಲ್ವಾ?"

ನಮಸ್ಕಾರ. ಆ ಹಡಗುಗಳು ಬಿರುಗಾಳಿಗೆ ಮುಳುಗಿದವಲ್ಲ. 1848ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಿನ್ನ ಸಿಕ್ಕಿತು. ಮರುವರ್ಷ ಸಾವಿರಾರು ಜನ ಹಡಗುಗಳಲ್ಲಿ ಬಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದರು. ನಾವಿಕರೂ ಅವರ ಜೊತೆ ಚಿನ್ನ ಹುಡುಕಲು ಹೊರಟರು. ನಡೆಸುವವರಿಲ್ಲದೆ ನೂರಾರು ಹಡಗುಗಳು ಕೊಲ್ಲಿಯಲ್ಲೇ ಉಳಿದವು. ಯೂಫೀಮಿಯಾ ಎಂಬ ಹಡಗು ಜೈಲಾಯಿತು. ನಯಾಂಟಿಕ್ ಎಂಬುದನ್ನು ದಡಕ್ಕೆ ತಂದು, ಬದಿಯಲ್ಲಿ ಬಾಗಿಲು ಕೊರೆದು ಗೋದಾಮು ಮಾಡಿದರು. ಆಮೇಲೆ ಜಾಗಕ್ಕಾಗಿ ಕೊಲ್ಲಿಗೇ ಮಣ್ಣು ತುಂಬಿದರು, ಹಡಗುಗಳು ಅದರಡಿ ಹೂತುಹೋದವು.

1851ರ ಮೇ ತಿಂಗಳ ಬೆಂಕಿಯಲ್ಲಿ ನಯಾಂಟಿಕ್ ಸುಟ್ಟಿತು. ಆದರೆ ಕೆಸರಿನೊಳಗಿದ್ದ ಭಾಗ ಉಳಿಯಿತು. 1978ರಲ್ಲಿ ಕಟ್ಟಡಕ್ಕೆ ಪಾಯ ತೆಗೆಯುವಾಗ ಅದು ಸಿಕ್ಕಿತು. ಜನರಲ್ ಹ್ಯಾರಿಸನ್ ಎಂಬ ಇನ್ನೊಂದು ಹಡಗು ಸಿಕ್ಕಿದ್ದು 2001ರಲ್ಲಿ. ರೋಮ್ ಎಂಬ ಹಡಗಿನ ಒಡಲನ್ನೇ ಹಾದು ಇಂದು ರೈಲು ಸುರಂಗ ಹೋಗುತ್ತದೆ!

ನೂರೈವತ್ತು ವರ್ಷ ಮರ ಕೊಳೆಯದಿರಲು ಕಾರಣ ಕೆಸರು. ತೋಟದ ಬೇಲಿಗೂಟ ನೋಡಿ, ಲಡ್ಡಾಗುವುದು ನೆಲಮಟ್ಟದಲ್ಲಿ. ಅಲ್ಲಿ ನೀರೂ ಗಾಳಿಯೂ ಸೇರುತ್ತವೆ. ಗಾಳಿಯಾಡದ ಆಳದ ಕೆಸರಿನಲ್ಲಿ ಮರ ತಿನ್ನುವ ಬೂಷ್ಟು ಬದುಕುವುದಿಲ್ಲ. ಕೇರಳದ ಚೇರ್ತಲ ಹತ್ತಿರದ ಕಡಕ್ಕರಪ್ಪಳ್ಳಿಯಲ್ಲೂ ಹೀಗೇ ನೆಲದಡಿ ಒಂದು ಹಳೇ ದೋಣಿ ಸಿಕ್ಕಿದೆ. ಅದರ ಮರ ಹೆಬ್ಬಲಸು, ನಮ್ಮ ಕಾಫಿ ತೋಟಗಳಲ್ಲಿ ನೆರಳಿಗೆ ನಿಂತಿರುವ ಅದೇ ಮರ.

ಇನ್ನು ಮುಚ್ಚುವ ಮಾತು. ನೀರು ಕುಡಿದ ಹಳೇ ಮರವನ್ನು ಹೊರತೆಗೆದು ಸುಮ್ನೆ ಒಣಗಲು ಬಿಟ್ಟರೆ ಕುಗ್ಗಿ, ತಿರುಚಿ, ಸೀಳುತ್ತದೆ. ಸ್ವೀಡನ್ನಿನ ವಾಸಾ ಹಡಗನ್ನು 1961ರಲ್ಲಿ ಮೇಲೆತ್ತಿದವರು 17 ವರ್ಷ ಅದಕ್ಕೆ ಮೇಣದಂಥ ರಾಸಾಯನಿಕ ಸಿಂಪಡಿಸಬೇಕಾಯಿತು. ಅಷ್ಟು ದುಡ್ಡು, ತಾಳ್ಮೆ ಎರಡೂ ಇಲ್ಲದಿದ್ದರೆ ತೆಗೆಯದಿರುವುದೇ ಮೇಲು. ಅಳತೆ, ನಕ್ಷೆ, ಫೋಟೊ ಮಾಡಿಕೊಂಡು ಮುಚ್ಚಿದರೆ ಅದು ಕಾಪಾಡಿದಂತೆ. ನೋಡದೆ, ಬರೆಯದೆ ಮುಚ್ಚಿದರೆ ಮಾತ್ರ ನನಗೆ ಸಿಟ್ಟು ಬರುತ್ತದೆ.

ಕೊಡಗಿನ ಮಣ್ಣಿನಲ್ಲೂ ಕಲ್ಲುಸಮಾಧಿಗಳಿವೆ, ವೀರಗಲ್ಲುಗಳಿವೆ. ಮನೆಗೋ ಹೋಂಸ್ಟೇಗೋ ಪಾಯ ತೆಗೆಯುವಾಗ ಅಂಥದ್ದು ಕಂಡರೆ ದಯವಿಟ್ಟು ಜೆಸಿಬಿ ನಿಲ್ಲಿಸಿ. ಇದ್ದಲ್ಲೇ ಫೋಟೊ ತೆಗೆಯಿರಿ, ಕಲ್ಲನ್ನು ಅಲುಗಿಸಬೇಡಿ, ಪುರಾತತ್ವ ಇಲಾಖೆಗೆ ತಿಳಿಸಿ.

— ಸಂಪಾದಕ