ಏಸಿಗಿಂತ ಮೊದಲು ಸ್ಲ್ಯಾಬ್ ನೋಡಿ

ಪ್ರಶ್ನೆ: ನಮ್ಮೂರು ಕಲಬುರಗಿ ಹತ್ತಿರದ ಹಳ್ಳಿ. ಮಣ್ಣಿನ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದೆವು. ಈಗ ಬೇಸಿಗೆಯಲ್ಲಿ ಅಪ್ಪ-ಅಮ್ಮನಿಗೆ ರಾತ್ರಿ ನಿದ್ದೆಯೇ ಇಲ್ಲ. ಇಬ್ಬರಿಗೂ ಎಪ್ಪತ್ತು ದಾಟಿದೆ. ಏಸಿ ಹಾಕಿಸೋಣ ಅಂದರೆ ಅಮ್ಮ ‘ಬಿಲ್ ಯಾರು ಕಟ್ತಾರ?’ ಅಂತಾರೆ. ಏನು ಮಾಡಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಅಮ್ಮ ಹೇಳೋದರಲ್ಲಿ ಲೆಕ್ಕ ಇದೆ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನೀವು ಏಸಿ ಹಾಕಿಸಿದರೂ ಅದು ನೆಂಟರು ಬಂದಾಗ ಮಾತ್ರ ಆನ್ ಆಗುತ್ತದೆ, ಬೇಕಾದರೆ ನೋಡಿ.

ಹಳೇ ಮಾಳಿಗೆಯ ದಪ್ಪ ಮಣ್ಣು ಕಾವನ್ನು ಸುಲಭಕ್ಕೆ ಒಳಗೆ ಬಿಡುತ್ತಿರಲಿಲ್ಲ. ನಾಲ್ಕೈದು ಇಂಚಿನ ಸ್ಲ್ಯಾಬ್ ಹಾಗಲ್ಲ, ಹಗಲೆಲ್ಲ ಬಿಸಿಲು ಕುಡಿದು ಸಂಜೆಯಿಂದ ಸರಿರಾತ್ರಿವರೆಗೆ ಕೆಳಗೆ ಮಲಗಿದವರ ಮೇಲೆ ಕಾವು ಬಿಡುತ್ತಲೇ ಇರುತ್ತದೆ. ಶಿವರಾತ್ರಿ ಹೊತ್ತಿಗೆ ಸ್ಲ್ಯಾಬ್ ತೊಳೆಸಿ, ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಕಲಸಿ ಎರಡು-ಮೂರು ಕೋಟ್ ಹೊಡೆಸಿ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ. ಮಳೆಗೆ ತೊಳೆದುಹೋಗುತ್ತದೆ, ವರ್ಷವರ್ಷ ಹೊಡೆಸಬೇಕು. ಬೇಡ ಅಂದರೆ ಕೂಲ್ ರೂಫ್ ಪೇಂಟ್ ಇದೆ. ದುಬಾರಿ, ಆದರೆ ಕೆಲವು ವರ್ಷ ಬಾಳುತ್ತದೆ. ಸಂಜೆ ಸ್ಲ್ಯಾಬ್‌ಗೆ ನೀರು ಹೊಡೀರಿ ಅಂತ ಯಾರಾದರೂ ಹೇಳುತ್ತಾರೆ. ಆ ವಯಸ್ಸಲ್ಲಿ ಕೊಡ ಹೊತ್ತು ಮೆಟ್ಟಿಲು ಹತ್ತೋದು ಬೇಡವೇ ಬೇಡ.

ಪಡುವಣ ಕಿಟಕಿ ಹಗಲು ಮುಚ್ಚಿರಲಿ, ಹೊರಗಡೆಯಿಂದ ತಟ್ಟಿಯೋ ಶೇಡ್ ನೆಟ್ಟೋ ಕಟ್ಟಿಸಿ. ಒಳಗೆ ಪರದೆ ಹಾಕಿದರೆ ಅಷ್ಟು ಉಪಯೋಗವಿಲ್ಲ, ಕಾವು ಆಗಲೇ ಒಳಗೆ ಬಂದಿರುತ್ತದೆ. ಸೊಳ್ಳೆಗೆ ಹೆದರಿ ರಟ್ಟು ಬಡಿದ ವೆಂಟಿಲೇಟರ್ ಇದ್ದರೆ ರಟ್ಟು ಕಿತ್ತು ಜಾಲರಿ ಹಾಕಿಸಿ.

ಹಳೇ ಫ್ಯಾನ್ ಸುಮಾರು 75 ವ್ಯಾಟ್, ಕಡಿಮೆ ಕರೆಂಟಲ್ಲಿ ತಿರುಗುವ ಹೊಸ ಮೋಟರಿನ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ದಿನಕ್ಕೆ 15 ತಾಸು ತಿರುಗಿದರೆ ತಿಂಗಳಿಗೆ 20 ಯೂನಿಟ್ ಉಳಿತಾಯ. ರಿಮೋಟ್ ಇರುತ್ತದೆ, ನಡುರಾತ್ರಿ ಎದ್ದು ಕತ್ತಲಲ್ಲಿ ತಡಕಾಡೋದು ತಪ್ಪುತ್ತದೆ. ಕಲಬುರಗಿಯ ಒಣ ಸೆಕೆಗೆ ಕೂಲರ್ ಚೆನ್ನಾಗಿ ಒಗ್ಗುತ್ತದೆ, ಆದರೆ ಎದುರಿನ ಕಿಟಕಿ ತೆರೆದಿರಬೇಕು, ಇಲ್ಲವಾದರೆ ಕೋಣೆ ಸುಮ್ನೆ ಜಿಗಿಜಿಗಿ ಆಗುತ್ತದೆ.

ಇನ್ನೊಂದು, ವಯಸ್ಸಾದವರಿಗೆ ಬೆವರು ಕಡಿಮೆ, ಬಾಯಾರಿಕೆಯೂ ಸರಿಯಾಗಿ ಗೊತ್ತಾಗಲ್ಲ. ‘ನನಗೇನೂ ಸೆಕೆ ಇಲ್ಲಪ್ಪ’ ಅಂದರೆ ನಂಬಬೇಡಿ. ಗೋಡೆಗೊಂದು ಥರ್ಮಾಮೀಟರ್ ತೂಗುಹಾಕಿ, ಫೋನ್ ಮಾಡಿದಾಗ ಅದರ ನಂಬರ್ ಕೇಳಿ. 40 ಡಿಗ್ರಿ ದಾಟಿದ ಕೋಣೆಯಲ್ಲಿ ಬರೀ ಫ್ಯಾನ್ ಬಿಸಿಗಾಳಿಯನ್ನೇ ಮೈಮೇಲೆ ಊದುತ್ತದೆ, ಆಗ ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಿರಬೇಕು. ಮಾತು ತೊದಲಿದರೆ, ಗಲಿಬಿಲಿಯಾದರೆ ತಡಮಾಡದೆ ಆಸ್ಪತ್ರೆ.

ಇಷ್ಟಾದ ಮೇಲೂ ನಿದ್ದೆ ಬರದಿದ್ದರೆ ಮಲಗುವ ಕೋಣೆಗೆ ಮಾತ್ರ ಏಸಿ ಹಾಕಿಸಿ, 26ಕ್ಕೆ ಇಡಿ. ಬಿಲ್ ನಿಮ್ಮ ಫೋನಿನಿಂದಲೇ ಕಟ್ಟಿ, ಅಮ್ಮನಿಗೆ ಮೊತ್ತ ಹೇಳಬೇಡಿ.