ಎತ್ತಿಪೋತದಲ್ಲಿ ಹಾರೋ ಆಸೆ ಬಗ್ಗೆ

ಮನೆಯಲ್ಲಿ ಚಿಕ್ಕ ಮಗು ಇದೆ, ಆದರೂ ಈ ಮಳೆಗಾಲ ಕಲಬುರಗಿ ಜಿಲ್ಲೆ ಚಿಂಚೋಳಿಯ ಎತ್ತಿಪೋತ ಜಲಪಾತದಲ್ಲಿ ಬಂಡೆ ಮೇಲಿಂದ ನೀರಿಗೆ ಹಾರಬೇಕು, ತಪ್ಪಾ ಅಂತ ಕೇಳಿದ್ದೀರಿ. ಆಸೆ ತಪ್ಪಲ್ಲ ಸರ್, ಹೊತ್ತು ಸರಿಯಿಲ್ಲ. ಮಳೆನೀರು ಕದಡಿರುತ್ತದೆ, ತಳದ ಕಲ್ಲು ಕಾಣುವುದಿಲ್ಲ. ಮೇಲೆಲ್ಲೋ ಮಳೆ ಬಿದ್ದರೆ ಇಲ್ಲಿ ಬಿಸಿಲಿದ್ದರೂ ನೀರು ದಿಢೀರ್ ಏರಬಹುದು. ಹೋದ ವರ್ಷ ಗೆಳೆಯ ಹಾರಿದ, ಏನೂ ಆಗಲಿಲ್ಲ ಅಂದಿದ್ದೀರಿ. ಅದನ್ನು ನಂಬಿ ಹೋಗಬೇಡಿ. ಜೋರು ನೀರಿಗೆ ತಳದ ಕಲ್ಲು, ಹೂಳು ಜಾಗ ಬದಲಿಸುತ್ತವೆ. ಸುಮ್ನೆ ಒಂದು ರೀಲ್ಸ್‌ಗೆ ಬೆನ್ನುಮೂಳೆ ಮುರಿದುಕೊಳ್ಳೋದು ಯಾಕೆ?

ಮೈ ಜುಂ ಅನ್ನಲೇಬೇಕು ಅಂದರೆ ಚಳಿಗಾಲದಲ್ಲಿ, ದಾರಿ ಗೊತ್ತಿರುವ ಊರವರ ಜೊತೆ ಯಾದಗಿರಿ ಜಿಲ್ಲೆ ಶಹಾಪುರದ, ಮಲಗಿದ ಬುದ್ಧನ ಹಾಗೆ ಕಾಣುವ ‘ಬುದ್ಧ ಮಲಗಿದ ಬೆಟ್ಟ’ದ ಕಡೆ ಹೋಗಿ. ಏಪ್ರಿಲ್, ಮೇ ಬೇಡ, ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ, ಗೊತ್ತಲ್ವಾ? ಎಷ್ಟೊತ್ತಿಗೆ ವಾಪಸ್ ಬರ್ತೀರಿ ಅಂತ ಮನೆಯಲ್ಲಿ ಹೇಳಿ ಹೊರಡಿ.